ಕೆಎಂಸಿ ಗೇಟಿನ ರೈಲ್ವೆ ಕಾಕಾ ಇನ್ನಿಲ್ಲ: ನೆನಪಿದ್ದವರು ಬರೆಯಿರಿ

ಗದಗ ರಸ್ತೆಯ ಮಗಳು

ಅಪ್ಪ ತೀರಿಕೊಂಡು ಇಂದಿಗೆ ಹದಿನಾರು ದಿನ. ಹೆಸರು ಬರೆಯುವುದಿಲ್ಲ. ಬರೆದರೂ ನಿಮ್ಮಲ್ಲಿ ಹೆಚ್ಚಿನವರಿಗೆ ಗುರುತು ಹತ್ತುವುದಿಲ್ಲ. ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನ ಗೇಟಿನ ಹತ್ತಿರ ಖಾಕಿ ಚೀಲ ಹಾಕಿಕೊಂಡು ನಿಲ್ಲುತ್ತಿದ್ದ ರೈಲ್ವೆ ಕಾಕಾ ಎಂದರೆ ಬಹುಶಃ ಗೊತ್ತಾದೀತು. ಆಸ್ಪತ್ರೆಯ ಹೆಸರು ಎರಡು ಸಲ ಬದಲಾಯಿತು. ಅಪ್ಪನ ಬಾಯಲ್ಲಿ ಅದು ಕೊನೆಯವರೆಗೂ ಕೆಎಂಸಿಯೇ.

ಅವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಸಂಜೆ ಭೋಂಗಾ ಕೂಗಿದ ಮೇಲೆ ಸೈಕಲ್ ಹತ್ತಿ ವಿದ್ಯಾನಗರಕ್ಕೆ ಹೋಗುತ್ತಿದ್ದರು. 2015ರಲ್ಲಿ ನಿವೃತ್ತರಾದ ಮೇಲೆ ಬೆಳಿಗ್ಗೆಯೇ ಹೋಗತೊಡಗಿದರು. ಅಲ್ಲಿ ಏನು ಮಾಡುತ್ತಾರೆ ಎಂದು ಮನೆಯಲ್ಲಿ ವಿವರವಾಗಿ ಹೇಳಿದವರಲ್ಲ. ರಕ್ತ ಕೊಡಿಸುತ್ತಾರೆ, ಹಳ್ಳಿಯಿಂದ ಬಂದವರಿಗೆ ದಾರಿ ತೋರಿಸುತ್ತಾರೆ ಎನ್ನುವಷ್ಟು ನಮಗೆ ಗೊತ್ತಿತ್ತು. ಮಣ್ಣಿಗೆ ಬಂದವರಲ್ಲಿ ಅರ್ಧ ಜನ ಯಾರೆಂದು ನಮಗೆ ತಿಳಿಯಲಿಲ್ಲ. ಕುಂದಗೋಳದ ಒಬ್ಬ ಮುದುಕಿ ಅವ್ವನ ಕೈ ಹಿಡಿದು ಒಂದು ತಾಸು ಕುಳಿತು, ಒಂದು ಮಾತೂ ಆಡದೆ ಎದ್ದು ಹೋದಳು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ನಿಮಗೆ ಗೊತ್ತಿರುವುದನ್ನು ಬರೆಯಿರಿ. ಬೈಸಿಕೊಂಡಿದ್ದರೆ ಅದನ್ನೂ ಬರೆಯಿರಿ, ಅವರಿಗೆ ಸಿಟ್ಟು ಮೂಗಿನ ತುದಿಯಲ್ಲಿತ್ತು.

ಇನ್ನೊಂದು ಕಾರಣವೂ ಇದೆ. ಅವರ ಚೀಲದಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ಸಿಕ್ಕಿದೆ. ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಯುತ್ತಾರಲ್ಲ, ಅಂಥದ್ದು. ಪುಟಕ್ಕೊಂದು ರಕ್ತದ ಗುಂಪು. ಹೆಸರು, ಊರು, ಫೋನ್ ನಂಬರ್ ಎಲ್ಲ ಪೆನ್ನಿನಲ್ಲಿ. ಕೊನೆಯ ಸಾಲಿನಲ್ಲಿ ಮಾತ್ರ ಪೆನ್ಸಿಲ್, ಅದು ಆ ವ್ಯಕ್ತಿ ಹಿಂದಿನ ಸಲ ರಕ್ತ ಕೊಟ್ಟ ತಾರೀಖು. ಮೂರು ತಿಂಗಳಿಗೊಮ್ಮೆ ಒರೆಸಿ ಒರೆಸಿ ಆ ಜಾಗದಲ್ಲಿ ಕಾಗದ ತೆಳುವಾಗಿ ಆಚೆಯ ಪುಟದ ಅಕ್ಷರ ಕಾಣುತ್ತದೆ. ಒಟ್ಟು 214 ಹೆಸರು. ಇದನ್ನು ಏನು ಮಾಡಬೇಕೋ ತಿಳಿಯುತ್ತಿಲ್ಲ.

ಬೆಟಗೇರಿ ಮಗ್ಗ

ತಂಗೀ, ಓದಿ ಕೈಕಾಲು ಆಡಲಿಲ್ಲ. ನಮ್ಮ ಅಪ್ಪನನ್ನು ಗದಗಿನಿಂದ ಹುಬ್ಬಳ್ಳಿಗೆ ಕರೆದುಕೊಂಡು ಹೋದ ದಿನ ಕಾಕಾ ನಮಗೆ ಕೇಳಿದ ಮೊದಲ ಪ್ರಶ್ನೆ ರೋಗದ್ದಲ್ಲ. "ಪಡಿತರ ಚೀಟಿ ತಂದಿದ್ದೀರಾ, ಆಧಾರ್ ತಂದಿದ್ದೀರಾ?" ನಾವು ಗಾಬರಿಯಲ್ಲಿ ಬರೀ ಹಾಸಿಗೆ, ತಂಬಿಗೆ ತಂದಿದ್ದೆವು. ಬಿಪಿಎಲ್ ಚೀಟಿ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ ಎಂದು ನಮಗೆ ತಿಳಿದದ್ದೇ ಆಗ. ನಮ್ಮ ಓಣಿಯ ಹುಡುಗನಿಗೆ ಅವರೇ ಫೋನ್ ಮಾಡಿದರು. ಚೀಟಿಯನ್ನು ಲಕೋಟೆಯಲ್ಲಿಟ್ಟು ಬಸ್ ಕಂಡಕ್ಟರ್ ಕೈಯಲ್ಲಿ ಕೊಡಲು ಹೇಳಿದರು. ಎರಡು ತಾಸಿನಲ್ಲಿ ಚೀಟಿ ಬಂದಿತು. ಬಸ್ ನಿಲ್ದಾಣದಿಂದ ತಂದುಕೊಟ್ಟವರೂ ಅವರೇ.

ಮಧ್ಯಾಹ್ನ ಚೀಲದಿಂದ ಬುತ್ತಿ ತೆಗೆದರು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ನನಗೆ ಬೇಡ ಎಂದೆ. "ನೀನು ಬಿದ್ದರೆ ನಿನ್ನನ್ನು ಎತ್ತಲು ಇನ್ನೊಬ್ಬ ಬೇಕಾಗುತ್ತಾನೆ, ತಿನ್ನು" ಎಂದರು. ಅಪ್ಪ ಉಳಿಯಲಿಲ್ಲ. ಆದರೆ ಮನೆ ಅಡವಿಡದೆ ಊರಿಗೆ ಮರಳಿದೆವು.

ನವಲೂರ ಪೇರಲ

ಭಾವಪೂರ್ಣ ಶ್ರದ್ಧಾಂಜಲಿ. ನೂರಕ್ಕೂ ಹೆಚ್ಚು ಸಲ ರಕ್ತ ಕೊಟ್ಟ ಮಹಾನುಭಾವರು.

ಗದಗ ರಸ್ತೆಯ ಮಗಳು

ನೂರು ಅಲ್ಲ, 97. ತಿದ್ದದಿದ್ದರೆ ಅಪ್ಪ ಮೇಲಿಂದಲೇ ಬೈಯುತ್ತಾರೆ. 2020ರ ಫೆಬ್ರುವರಿಯಲ್ಲಿ ಕೊನೆಯ ಸಲ ಕೊಟ್ಟರು. ಮುಂದಿನ ಸರದಿ ಬರುವಷ್ಟರಲ್ಲಿ ಲಾಕ್‌ಡೌನ್ ಬಂದಿತು, ಅದು ಸಡಿಲಾಗುವಷ್ಟರಲ್ಲಿ ಅವರಿಗೆ 65 ತುಂಬಿತು. 65 ದಾಟಿದವರಿಂದ ತೆಗೆದುಕೊಳ್ಳುವುದಿಲ್ಲ. ಗೆಳೆಯರು ಶತಕದ ಬ್ಯಾನರ್ ಬರೆಸಲು ಹೊರಟಿದ್ದರು. "ಮೂರು ಸುಳ್ಳು ಬಾಟಲಿ ಯಾರ ಮೈಗೆ ಏರಿಸುತ್ತೀರಿ?" ಎಂದು ಕೇಳಿ ಅವರನ್ನು ಓಡಿಸಿದರು.

ರಾತ್ರಿ ಪಾಳಿಯ ಸಿಸ್ಟರ್

ನಾನು 31 ವರ್ಷ ನರ್ಸ್ ಆಗಿದ್ದವಳು, ಈಗ ಧಾರವಾಡದಲ್ಲಿ ಮಗನ ಮನೆಯಲ್ಲಿದ್ದೇನೆ. ಕಾಕಾ ಅವರನ್ನು ನಾವು ಸಿಸ್ಟರ್‌ಗಳು "ಅಣ್ಣಾವರು" ಎನ್ನುತ್ತಿದ್ದೆವು. ಅವರ ಪುಸ್ತಕದ ಬೆಲೆ ಏನು ಎಂದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ, ಅದನ್ನು ಹೇಳುತ್ತೇನೆ.

ಎಲ್ಲರೂ ಇನ್ನೂ "ಎಷ್ಟು ಬಾಟಲಿ" ಎಂದೇ ಕೇಳುತ್ತಾರೆ. ಗಾಜಿನ ಬಾಟಲಿ ಹೋಗಿ ಎಷ್ಟೋ ಕಾಲವಾಯಿತು, ಈಗ ಚೀಲ. ಒಬ್ಬರಿಂದ 350 ಅಥವಾ 450 ಮಿಲಿಲೀಟರ್ ತೆಗೆದು ಅದನ್ನು ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬೇರೆ ಮಾಡುತ್ತಾರೆ. ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿ ವರ್ಷವಿಡೀ ಇಡಬಹುದು. ಕೆಂಪು ಕಣ ಫ್ರಿಜ್‌ನಲ್ಲಿ 35ರಿಂದ 42 ದಿನ ಬಾಳುತ್ತದೆ. ಪ್ಲೇಟ್‌ಲೆಟ್ ಐದೇ ದಿನ, ಅದೂ ಫ್ರಿಜ್‌ನಲ್ಲಿ ಅಲ್ಲ, ಹೊರಗಿನ ತಂಪಿನಲ್ಲಿ ಯಂತ್ರ ಅದನ್ನು ತೊಟ್ಟಿಲಿನಂತೆ ತೂಗುತ್ತಲೇ ಇರಬೇಕು. ಹಾಗಾಗಿ ಹಬ್ಬಕ್ಕೊಂದು ಶಿಬಿರ ಮಾಡಿ ಸಾವಿರ ಜನರಿಂದ ತೆಗೆದಿಟ್ಟರೆ ಡೆಂಗಿಯ ತಿಂಗಳಿಗೆ ಉಪಯೋಗವಿಲ್ಲ. ಶಿಬಿರದ ಫೋಟೋ ಪತ್ರಿಕೆಯಲ್ಲಿ ಬರುತ್ತದೆ, ಸೆಪ್ಟೆಂಬರಿನ ರಾತ್ರಿ ಎರಡು ಗಂಟೆಗೆ ಕೈಗೆ ಯಾರೂ ಸಿಗುವುದಿಲ್ಲ. ಆಗ ಬೇಕಾಗುವುದು ಯಾರ ಮೂರು ತಿಂಗಳು ಮುಗಿದಿದೆ, ಯಾರು ಈಗಲೇ ಎದ್ದು ಬರುತ್ತಾರೆ ಎನ್ನುವ ಪಟ್ಟಿ. ಆ ಪೆನ್ಸಿಲ್ ಸಾಲು ಅದೇ.

ಅವರು ರೋಗಿಗಳಿಗೆ ದಾರಿ ಹೇಳುವುದನ್ನು ಕೇಳಬೇಕಿತ್ತು. ಒಪಿಡಿ, ರೇಡಿಯಾಲಜಿ ಎನ್ನುವ ಪದಗಳೇ ಇಲ್ಲ. "ಎಲುಬಿನ ಡಾಕ್ಟರ್", "ಫೋಟೋ ತೆಗೆಯುವ ಕೋಣೆ". "ಬೇವಿನ ಮರದ ಎದುರಿನ ಬಾಗಿಲು, ಒಳಗೆ ಹೋಗಿ ಎಡಕ್ಕೆ ಮೂರನೆಯದು, ಹೊರಗೆ ಹಸಿರು ಬೆಂಚು ಇದೆ." ಓದಲು ಬಾರದವರು ಕೂಡ ಒಂದೇ ಸಲಕ್ಕೆ ಹೋಗಿ ಮುಟ್ಟುತ್ತಿದ್ದರು. ನಾವು ಬೆಂಚು ಸರಿಸಿದರೆ ಮಾತ್ರ ಅಣ್ಣಾವರಿಗೆ ಸಿಟ್ಟು.

ಹಾನಗಲ್ಲ ಭತ್ತ

ಬೈಸಿಕೊಂಡವರು ಬರೆಯಿರಿ ಎಂದಿದ್ದೀರಿ, ನಾನೇ ಮೊದಲು ಬರೆಯುತ್ತೇನೆ. ನನ್ನ ಹೆಂಡತಿಯ ಹೆರಿಗೆ, ರಕ್ತ ಎರಡು ಚೀಲ ಬೇಕೆಂದರು. ಯಾರೋ ಕಾಕಾ ಅವರನ್ನು ತೋರಿಸಿದರು. ನಾನು ಹೋಗಿ, "ಎಷ್ಟಾಗುತ್ತದೆ ಹೇಳಿ, ಕೊಡುತ್ತೇನೆ" ಎಂದೆ. ಕಿಸೆಗೆ ಕೈ ಹಾಕಿದ್ದೆ ಕೂಡ. ಅವರು ನನ್ನ ಮುಖ ನೋಡಲೇ ಇಲ್ಲ. "ಜೊತೆಗೆ ಯಾರು ಬಂದಿದ್ದಾರೆ?" ನಾವು ಮೂವರು ಅಣ್ಣತಮ್ಮಂದಿರು ಬಂದಿದ್ದೆವು. ಇಬ್ಬರು ಹೊರಗೆ ಗಾಡಿಯಲ್ಲಿ ಗಿರ್ಮಿಟ್ ತಿನ್ನುತ್ತಿದ್ದರು. ಕಾಕಾ ನೇರ ಅಲ್ಲಿಗೇ ಹೋಗಿ ಎಲ್ಲರ ಎದುರು ಕೇಳಿದರು: "ಮೂರು ಎತ್ತಿನಂಥ ಗಂಡಸರಿದ್ದೀರಿ. ಮನೆಯ ಹೆಣ್ಣುಮಗಳಿಗೆ ಊರವರ ರಕ್ತ ಬೇಕೇ?"

ನನ್ನ ತಮ್ಮ ನಿಶ್ಶಕ್ತಿ ಬರುತ್ತದೆ, ಸುಗ್ಗಿಯ ಕೆಲಸವಿದೆ ಎಂದ. "ನಾನು ಕೊಟ್ಟ ಮರುದಿನ ರೈಲಿನ ಗಾಲಿ ಕಳಚಿದ್ದೇನೆ" ಎಂದರು ಕಾಕಾ. ಮರ್ಯಾದೆ ಹೋದ ಸಿಟ್ಟಿಗೆ ಇಬ್ಬರೂ ಕೊಟ್ಟೆವು. ದೊಡ್ಡಣ್ಣನಿಗೆ ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆ ಬಂದು ವಾಪಸ್ ಕಳಿಸಿದರು. ಅವನಿಗೆ ರಕ್ತಹೀನತೆ ಇದೆ ಎಂದು ಗೊತ್ತಾದದ್ದು ಹಾಗೆ. ಈಗ ಆ ಪುಸ್ತಕದ ಒ ಪಾಸಿಟಿವ್ ಪುಟದಲ್ಲಿ ನನ್ನ ಹೆಸರು ಇರಬೇಕು, ನೋಡಿ.

ಗದಗ ರಸ್ತೆಯ ಮಗಳು

ಇದೆ ಅಣ್ಣಾ. ಹೆಸರಿನ ಪಕ್ಕದಲ್ಲಿ "ಗಿರ್ಮಿಟ್" ಎಂದು ಬರೆದಿದ್ದಾರೆ. ಏನೆಂದು ಈಗ ತಿಳಿಯಿತು.

ಸಿಬಿಟಿ ಹರಟೆ

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಉಲ್ಟಾ ಮಾತನಾಡುತ್ತೇನೆ, ಮಗಳು ಕ್ಷಮಿಸಬೇಕು. ಒಬ್ಬ ನಿವೃತ್ತ ಫಿಟ್ಟರ್ ದಾರಿ ತೋರಿಸಬೇಕು, ಸ್ಟ್ರೆಚರ್ ತಳ್ಳಬೇಕು, ಯೋಜನೆಯ ಕಾಗದ ತುಂಬಿಸಬೇಕು ಎಂದರೆ ಆ ಕೆಲಸಕ್ಕೆ ಸಂಬಳ ಪಡೆಯುವವರು ಎಲ್ಲಿದ್ದರು? ಇಂಥ ಪುಣ್ಯಾತ್ಮರು ಇರುವವರೆಗೂ ವ್ಯವಸ್ಥೆ ಆರಾಮಾಗಿ ನಿದ್ದೆ ಮಾಡುತ್ತದೆ. ನಾನು ಒಂದು ಆಸ್ಪತ್ರೆಯಲ್ಲಿ, ಯಾವುದೆಂದು ಹೇಳುವುದಿಲ್ಲ, ತಾಯಿಯನ್ನು ಎರಡು ಮಹಡಿ ಹೊತ್ತುಕೊಂಡು ಹೋದವನು. ಅಲ್ಲಿ ಯಾವ ಕಾಕಾನೂ ಇರಲಿಲ್ಲ.

ಬೆಟಗೇರಿ ಮಗ್ಗ

ಹದಿನಾರನೆಯ ದಿನ ಇದನ್ನು ಕೇಳಬೇಕಿತ್ತೇ?

ಗದಗ ರಸ್ತೆಯ ಮಗಳು

ಕೇಳಲಿ ಬಿಡಿ. ಅಪ್ಪನಿಗೂ ನನ್ನ ತಮ್ಮನಿಗೂ ಇದೇ ಜಗಳ ಹತ್ತು ವರ್ಷ ನಡೆದಿತ್ತು. ಅಪ್ಪ ಅರ್ಜಿ ಬರೆಯದವರೇನೂ ಅಲ್ಲ. ಗಾಲಿಕುರ್ಚಿ ಬೇಕೆಂದು, ಕನ್ನಡದಲ್ಲಿ ದೊಡ್ಡ ಅಕ್ಷರದ ಫಲಕ ಬೇಕೆಂದು, ರೋಗಿಯ ಕಡೆಯವರು ಮಲಗಲು ಜಾಗ ಬೇಕೆಂದು ಬರೆದ ಅರ್ಜಿಗಳ ಪ್ರತಿಗಳೇ ಒಂದು ಟ್ರಂಕ್ ಇವೆ. ಕೆಲವು ಕೆಲಸ ಆದವು, ಬಹಳಷ್ಟು ಆಗಲಿಲ್ಲ. ತಮ್ಮ ಕೇಳುತ್ತಿದ್ದ, ಉತ್ತರ ಬರದ ಅರ್ಜಿ ಏಕೆ ಬರೆಯುತ್ತೀರಿ ಎಂದು. "ಅರ್ಜಿಗೆ ಉತ್ತರ ಬರುವ ತನಕ ಈ ಮುದುಕ ಎಲ್ಲಿ ಕೂರಬೇಕು?" ಎಂದು ಅಪ್ಪ ತಿರುಗಿ ಕೇಳುತ್ತಿದ್ದರು. ಇಬ್ಬರೂ ಸೋಲಲಿಲ್ಲ.

ಹೆಬ್ಬಳ್ಳಿ ಅಗಸಿ

ಸಿಬಿಟಿಯವರ ಪ್ರಶ್ನೆ ನ್ಯಾಯವಾದದ್ದೇ. ನನ್ನ ಪ್ರಶ್ನೆ ಬೇರೆ. ರೊಟ್ಟಿ ಬಡಿದವರು ಯಾರು? ಯಾರೂ ಕಾಕೂ ಬಗ್ಗೆ ಬರೆಯಲಿಲ್ಲ. ದಿನಾ ಆಸ್ಪತ್ರೆಯಲ್ಲಿರುವ ಗಂಡಸಿನ ಮನೆ ಹೇಗೆ ನಡೆಯುತ್ತದೆ ಎಂದು ನನಗೆ ಗೊತ್ತು. ನಮ್ಮ ಮಾವನೂ ಸಮಾಜಸೇವಕರೇ. ಊರಿಗೆಲ್ಲ ಉಪಕಾರಿ, ಮನೆಗೆ ಅತಿಥಿ.

ಗದಗ ರಸ್ತೆಯ ಮಗಳು

ಅಕ್ಕಾ, ಈ ಪ್ರಶ್ನೆಗೆ ಉತ್ತರ ಬರೆಯಲು ನಿನ್ನೆಯಿಂದ ಕುಳಿತಿದ್ದೇನೆ.

ಅಪ್ಪ ಇದನ್ನೆಲ್ಲ ಹಿಡಿದದ್ದೇ ಮನೆಯಿಂದ. 1986ರಲ್ಲಿ ನಾನು ಹುಟ್ಟಿದಾಗ ಅವ್ವನಿಗೆ ರಕ್ತಸ್ರಾವ ನಿಲ್ಲಲಿಲ್ಲ. ಆಗ ಆಸ್ಪತ್ರೆಯ ಹೊರಗೆ ರಕ್ತ ಮಾರುವವರು ನಿಂತಿರುತ್ತಿದ್ದರು. ದುಡ್ಡು ಕೊಟ್ಟು ರಕ್ತ ಕೊಳ್ಳುವುದು ನಿಂತದ್ದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟ ಮೇಲೆ, 1998ರ ಜನವರಿಯಿಂದ. ಅಪ್ಪ ಎರಡು ಬಾಟಲಿ ಕೊಂಡರು. ಕೊಟ್ಟವನು ಬಡಕಲು ಮನುಷ್ಯ, ತೋಳಿನ ತುಂಬ ಸೂಜಿಯ ಗುರುತು, ಎದ್ದು ನಿಲ್ಲುವಾಗ ಗೋಡೆ ಹಿಡಿದನಂತೆ. ಅಪ್ಪನ ಗುಂಪು ಅವ್ವನಿಗೆ ಹೊಂದುವಂಥದ್ದೇ ಆಗಿತ್ತು. ಹೆದರಿಕೆಯಿಂದ ಸುಮ್ಮನಿದ್ದರು. ಇದನ್ನು ನನಗೆ ಹೇಳಿದ್ದು ಅವ್ವ, ಅಪ್ಪ ಅಲ್ಲ. ಹಾನಗಲ್ಲದ ಅಣ್ಣನವರಿಗೆ ಬೈದದ್ದು ಯಾರನ್ನು ನೆನೆದು ಎಂದು ಈಗ ಅನಿಸುತ್ತದೆ.

ಅವ್ವ ಚೇತರಿಸಿಕೊಳ್ಳಲು ವರ್ಷಗಳೇ ಹಿಡಿದವು. ಕೈ ಮೇಲೆತ್ತಿದರೆ ತಲೆ ತಿರುಗುತ್ತಿತ್ತು. ಹಾಗಾಗಿ ನಾನು ನಾಲ್ಕನೆಯ ಇಯತ್ತೆಗೆ ಹೋಗುವವರೆಗೂ ನನ್ನ ಹೆರಳು ಹಾಕಿದವರು ಅಪ್ಪ. ಗ್ರೀಸ್ ಕೈಯನ್ನು ಸೀಮೆಎಣ್ಣೆ ಹಚ್ಚಿ, ಸೋಪು ಹಚ್ಚಿ ತಿಕ್ಕಿ, ಮೂಸಿ ನೋಡಿ, ಆಮೇಲೆ ಎರಡು ಜಡೆ. ಬೋಲ್ಟ್ ಬಿಗಿಯುವವರ ಕೈ, ಜಡೆ ಸಂಜೆಯವರೆಗೂ ಸಡಿಲಾಗುತ್ತಿರಲಿಲ್ಲ, ನೆತ್ತಿ ನೋಯುತ್ತಿತ್ತು. ರಿಬ್ಬನ್ ಗಂಟು ಮಾತ್ರ ಅವರಿಗೆ ಕೊನೆಗೂ ಬರಲಿಲ್ಲ.

ರಾತ್ರಿ ಎಂಟೂವರೆಗೆ ಮನೆ. ಅದು ಅವ್ವನ ಕರಾರು. ಎಂಟೂವರೆ ದಾಟಿದರೆ ಓಣಿಯ ಮೂಲೆಯ ಅಂಗಡಿಗೆ ಫೋನ್ ಬರುತ್ತಿತ್ತು, ಯಾರ ಹಾಸಿಗೆಯ ಹತ್ತಿರ ಕೂತಿದ್ದೇನೆ ಎಂದು. ತಪ್ಪಿದ್ದೂ ಉಂಟು. ತಮ್ಮನಿಗೆ ಟೈಫಾಯ್ಡ್ ಬಂದ ರಾತ್ರಿ ಅಪ್ಪ ಬೇರೆಯವರ ಮಗುವಿನ ಹತ್ತಿರ ಇದ್ದರು. ಅವ್ವ ಎಂಟು ದಿನ ಮಾತು ಬಿಟ್ಟಳು, ರೊಟ್ಟಿ ಬಿಡಲಿಲ್ಲ. ದಿನಕ್ಕೆ ಹದಿನೈದು ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದವಳು ಅವಳೇ. ಬೆಟಗೇರಿಯ ಅಣ್ಣ ತಿಂದದ್ದು ಅವಳ ಕೈಯದ್ದು. ಯಾರಾದರೂ ಹೊಗಳಿದರೆ "ಜೋಳ ರೈಲ್ವೆಯದ್ದು, ಕೈ ಮಾತ್ರ ನನ್ನದು" ಎನ್ನುತ್ತಾಳೆ.

ರಾಣೇಬೆನ್ನೂರು ಅಳಿಯ

ನಾನು ಈ ಮನೆಯ ಅಳಿಯ. ಹೆಂಡತಿ ಬರೆಯದ ಒಂದು ಪ್ರಸಂಗವಿದೆ.

ಹೆಣ್ಣು ನೋಡಲು ಹೋದಾಗ ಅವಲಕ್ಕಿ, ಚಹಾ ಎಲ್ಲ ಆದ ಮೇಲೆ ನಮ್ಮ ಅಪ್ಪ ಕುಂಡಲಿ ತೆಗೆದು ಮುಂದಿಟ್ಟರು. ಮಾವನವರು ಅದನ್ನು ಮುಟ್ಟದೆ, "ಹುಡುಗನ ಎಚ್‌ಬಿಎ2 ಮಾಡಿಸಿದ್ದೀರಾ?" ಎಂದು ಕೇಳಿದರು. ನಮ್ಮ ಅಪ್ಪ ಅದು ಯಾವುದೋ ಹೊಸ ಡಿಗ್ರಿ ಎಂದುಕೊಂಡು, "ಇಲ್ಲ, ಬಿಕಾಂ" ಎಂದರು.

ಥಲಸ್ಸೀಮಿಯಾ ಎನ್ನುವ ರಕ್ತದ ಕಾಯಿಲೆಯನ್ನು ಮಕ್ಕಳಿಗೆ ದಾಟಿಸಬಲ್ಲ ವಾಹಕರನ್ನು ಗುರುತಿಸುವ ರಕ್ತ ಪರೀಕ್ಷೆ ಅದು. ಆ ಕಾಯಿಲೆಯ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಲೇಬೇಕು, ಬದುಕಿರುವವರೆಗೂ. ತಂದೆತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಅದು ಬರುವ ಸಂಭವ ನಾಲ್ಕರಲ್ಲಿ ಒಂದು. ವಾಹಕರು ನೋಡಲು ಗಟ್ಟಿಮುಟ್ಟಾಗಿರುತ್ತಾರೆ, ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ. ಒಬ್ಬರಷ್ಟೇ ವಾಹಕರಾಗಿದ್ದರೆ ಮಗುವಿಗೆ ಆ ತೀವ್ರ ಕಾಯಿಲೆಯ ಭಯವಿಲ್ಲ. ಇದನ್ನೆಲ್ಲ ಅವರು ಅವಲಕ್ಕಿ ತಟ್ಟೆಯ ಶೇಂಗಾ ಕಾಳುಗಳನ್ನು ಜೋಡಿಸಿ ವಿವರಿಸಿದರು. ನಮ್ಮ ದೊಡ್ಡಪ್ಪನಿಗೆ ಸಿಟ್ಟು ಬಂದಿತು, "ನಮ್ಮ ಮನೆತನದ ರಕ್ತ ಪರೀಕ್ಷೆ ಮಾಡುತ್ತೀರಾ?" ಎಂದು ಎದ್ದರು. ಮಾವನವರು ಮಗಳ ವರದಿಯನ್ನು ತೆಗೆದು ಮೊದಲು ಅದನ್ನೇ ಅವರ ಕೈಗೆ ಕೊಟ್ಟರು. ಆಮೇಲೆ ದೊಡ್ಡಪ್ಪ ಕುಳಿತರು.

ನನ್ನ ವರದಿ ಬರುವವರೆಗೆ ಒಂದು ವಾರ ಎರಡೂ ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೆ ಕಾದಂತೆ ಕಾದರು. ಪಾಸಾದೆ. ಕುಂಡಲಿ ಇನ್ನೂ ಅವರ ಟ್ರಂಕ್‌ನಲ್ಲಿ ಆ ಅರ್ಜಿಗಳ ಕೆಳಗೆ ಬಿದ್ದಿದೆ.

ರಾತ್ರಿ ಪಾಳಿಯ ಸಿಸ್ಟರ್

ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತು. ತಂಗೀ, ನೇತ್ರದಾನ ಆಯಿತೇ? ಅವರ ಇಚ್ಛೆ ಅದಾಗಿತ್ತು.

ಗದಗ ರಸ್ತೆಯ ಮಗಳು

ಆಯಿತು ಸಿಸ್ಟರ್. ದೇಹದಾನದ ಅರ್ಜಿಯನ್ನೂ ತಂದಿದ್ದರು. ಅದಕ್ಕೆ ಮನೆಯವರ ಸಹಿ ಬೇಕು, ಅವ್ವ ಹಾಕಲಿಲ್ಲ. ಮಣ್ಣು ಕೊಡಲು ಬಿಡದ ಗಂಡ ನನಗೆ ಬೇಡ ಎಂದಳು. ಅಪ್ಪ ಮರುಮಾತಾಡದೆ ಅರ್ಜಿಯನ್ನು ಮಡಿಚಿ ಪಂಚಾಂಗದೊಳಗೆ ಇಟ್ಟುಬಿಟ್ಟರು. ಕಣ್ಣಿಗೆ ಮಾತ್ರ ಅವ್ವ ಒಪ್ಪಿದ್ದಳು.

ಅವರು ಹೋದದ್ದು ಬೆಳಗಿನ ಜಾವ ಮೂರೂಕಾಲಿಗೆ, ಮನೆಯಲ್ಲೇ. ಆರು ತಾಸಿನೊಳಗೆ ಕಣ್ಣು ತೆಗೆಯಬೇಕು ಎಂದು ಅಪ್ಪ ನಮಗೆ ಎಷ್ಟು ಸಲ ಹೇಳಿದ್ದರೆಂದರೆ, ತಮ್ಮ ಅಳುವುದಕ್ಕೂ ಮೊದಲು ಗಡಿಯಾರ ನೋಡಿದ. ಫ್ಯಾನ್ ಬಂದ್ ಮಾಡಿದೆವು, ಗಾಳಿಗೆ ಕಣ್ಣಿನ ಪಾರದರ್ಶಕ ಪಟಲ ಒಣಗುತ್ತದೆ. ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟೆವು. ತಲೆಯ ಕೆಳಗೆ ಎರಡು ದಿಂಬು. ಉರಿ ಬೇಸಿಗೆ, ಫ್ಯಾನ್ ಇಲ್ಲದ ಕೋಣೆಯಲ್ಲಿ ಹನ್ನೆರಡು ಜನ ಬೆವರುತ್ತಾ ಕುಳಿತೆವು. ಸೋದರತ್ತೆ ಬಂದವಳೇ ಸ್ವಿಚ್ ಹಾಕಲು ಹೋದಳು. ಅವ್ವ ಕುಳಿತಲ್ಲಿಂದಲೇ, "ಹಾಕಬೇಡಿ, ಅವರು ಬೈಯುತ್ತಾರೆ" ಎಂದಳು.

ಅತ್ತೆಗೆ ಇನ್ನೊಂದು ಚಿಂತೆ, ಮುಖ ನೋಡುವಂತಿರುತ್ತದೆಯೋ ಇಲ್ಲವೋ ಎಂದು. ನೇತ್ರ ಭಂಡಾರದವರು ಐದೂವರೆಗೆ ಬಂದರು. ಅರ್ಧ ತಾಸಿನ ಕೆಲಸ. ಅಪ್ಪನಿಗೆ ಮೋತಿಬಿಂದು ಆಪರೇಷನ್ ಆಗಿತ್ತು, ಸಕ್ಕರೆ ಕಾಯಿಲೆಯೂ ಇತ್ತು. ಅದ್ಯಾವುದೂ ಅಡ್ಡಿಯಲ್ಲ ಎಂದರು. ಒಳಗೆ ಹೋಗಿ ನೋಡಿದರೆ ರಾತ್ರಿ ಮಲಗಿದಂತೆಯೇ ಮುಖ ಇತ್ತು. ಅತ್ತೆ ಹೊರಡುವ ದಿನ ನನ್ನನ್ನು ಅಡುಗೆಮನೆಗೆ ಕರೆದು, "ಆ ಅರ್ಜಿ ಎಲ್ಲಿ ಸಿಗುತ್ತದೆ?" ಎಂದು ಮೆಲ್ಲಗೆ ಕೇಳಿದಳು.

ನವಲೂರ ಪೇರಲ

ಪುಸ್ತಕವನ್ನು ಫೋಟೋ ತೆಗೆದು ಇಲ್ಲಿ ಹಾಕಿ. ವಾಟ್ಸ್ಆ್ಯಪ್ ಗುಂಪು ಮಾಡೋಣ, ಎಲ್ಲರಿಗೂ ಅನುಕೂಲ.

ರಾತ್ರಿ ಪಾಳಿಯ ಸಿಸ್ಟರ್

ದಯವಿಟ್ಟು ಹಾಕಬೇಡಿ. ಅದರಲ್ಲಿ ಹೆಣ್ಣುಮಕ್ಕಳ ನಂಬರ್ ಇರುತ್ತವೆ. ಜನ ಅಣ್ಣಾವರನ್ನು ನಂಬಿ ಕೊಟ್ಟದ್ದು, ಊರಿಗೆ ಕೊಟ್ಟದ್ದಲ್ಲ. ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳಿ.

ಗದಗ ರಸ್ತೆಯ ಮಗಳು

ಹಾಗೇ ಮಾಡುತ್ತಿದ್ದೇನೆ. ದಿನಕ್ಕೆ ಹತ್ತು ಫೋನ್. ಇದುವರೆಗೆ 60 ಆಗಿವೆ. ಹನ್ನೊಂದು ನಂಬರ್ ಚಾಲ್ತಿಯಲ್ಲಿಲ್ಲ. ಇಬ್ಬರು ತೀರಿಕೊಂಡಿದ್ದಾರೆ. ಒಬ್ಬರು ನನ್ನ ಧ್ವನಿ ಕೇಳುವ ಮೊದಲೇ, "ಹೇಳಿ ಕಾಕಾ, ಯಾವ ವಾರ್ಡ್?" ಎಂದರು. ನನಗೆ ಸ್ವಲ್ಪ ಹೊತ್ತು ಏನೂ ಹೇಳಲು ಆಗಲಿಲ್ಲ. ಸಿಬಿಟಿಯವರೇ, ನಿಮಗೆ ಬಿಡುವಿದ್ದರೆ ಶನಿವಾರ ಬಂದು ಅರ್ಧ ಪುಸ್ತಕ ನೀವು ತೆಗೆದುಕೊಳ್ಳಿ. ಟ್ರಂಕ್ ಕೂಡ ತೋರಿಸುತ್ತೇನೆ.

ಸಿಬಿಟಿ ಹರಟೆ

ಬರುತ್ತೇನೆ. ಅರ್ಜಿಗಳನ್ನು ನನಗೆ ಕೊಡಿ, ಉತ್ತರ ಬರದವನ್ನು ಮತ್ತೆ ಬರೆಯುವುದು ನನಗೆ ಒಗ್ಗುವ ಕೆಲಸ. ಫೋನ್ ಮಾಡುವುದು ಬೇರೆಯವರಿಗಿರಲಿ, ನನ್ನ ಬಾಯಿ ನಿಮಗೆ ಗೊತ್ತಾಗಿದೆ.

ಬೆಟಗೇರಿ ಮಗ್ಗ

ತಂಗೀ, ಬಿ ನೆಗೆಟಿವ್ ಪುಟದಲ್ಲಿ ಮೂರನೆಯವನು ನಾನು. ನಿನ್ನೆ ನಿನ್ನ ಫೋನ್ ಬಂದ ಮೇಲೆ ಬೆಳಗಿನ ಮೊದಲ ಬಸ್ಸಿಗೆ ಹೊರಟು ಕೊಟ್ಟು ಬಂದೆ. ಬಾಣಂತಿ ಆರಾಮಾಗಿದ್ದಾಳೆ ಎಂದರು. ತಾರೀಖು ಬರೆದುಕೊಂಡೆಯಾ?

ಗದಗ ರಸ್ತೆಯ ಮಗಳು

ಬರೆದೆ ಅಣ್ಣಾ. ಹಳೆಯ ತಾರೀಖು ಅಪ್ಪನ ಕೈಬರಹ, ಒರೆಸಲು ಮನಸ್ಸಾಗದೆ ಅದರ ಪಕ್ಕದ ಸಂದಿಯಲ್ಲಿ ಸಣ್ಣದಾಗಿ ಬರೆದಿದ್ದೆ. ಅವ್ವ ಕನ್ನಡಕ ಹಾಕಿಕೊಂಡು ನೋಡಿದಳು. "ಎರಡು ತಾರೀಖು ಇದ್ದರೆ ಯಾವುದನ್ನು ಹಿಡಿದು ಫೋನ್ ಮಾಡುತ್ತೀ?" ಎಂದು ಕೇಳಿ, ರಬ್ಬರ್ ತೆಗೆದುಕೊಂಡು ತಾನೇ ಒರೆಸಿದಳು.